ಮೊಸೆಲ್ ನದಿಗೆ ಹೊರಟ ಪಾರಾಯಣ ಮಂಡಳಿ

ರೀ,

ಟ್ಯಾಕ್ಸಿ ಬಂತು, ನಿಮ್ಮನ್ನ ಎಬ್ಬಿಸಲಿಲ್ಲ. ದೋಸೆಹಿಟ್ಟು ಫ್ರಿಜ್ಜಲ್ಲಿದೆ. ಕರಿಬೇವಿನ ಕುಂಡ ಸಂಜೆ ಮರೀದೆ ಒಳಗಿಡಿ, ನಮ್ಮ ಈ ಎಲೆನ್‌ಬ್ರೂಕ್ ಊರಿನ ಚಳಿಗೆ ಎಲೆಯೆಲ್ಲಾ ಉದುರಿಬಿಡತ್ತೆ.

ಇನ್ನೊಂದು ವಿಷಯ. ನಮ್ಮ ಪಾರಾಯಣ ಮಂಡಳಿ ಜರ್ಮನಿಯಲ್ಲಿ ಸುತ್ತೋದು ನೀವಂದ್ಕೊಂಡ ಹಾಗೆ ಬಸ್ಸಿನಲ್ಲಿ ಅಲ್ಲ, ಸೈಕಲ್ಲಲ್ಲಿ. ಮೊಸೆಲ್ ನದಿ ಪಕ್ಕ, ದ್ರಾಕ್ಷಿತೋಟಗಳ ಮಧ್ಯೆ, ಆರಾಮಾಗಿ.

ನಗಬೇಡಿ. "ಈ ವಯಸ್ಸಲ್ಲಿ ಸೈಕಲ್ಲಾ? ಹಲ್ಲು ಉದುರಿಸ್ಕೋತೀಯ" ಅಂದ್ರಲ್ಲ, ಅವತ್ತೇ ತೀರ್ಮಾನ ಮಾಡ್ದೆ. ಶನಿವಾರದ ಲಲಿತಾ ಸಹಸ್ರನಾಮ ಒಂದು ವಾರಾನೂ ತಪ್ಪಿಸಿಲ್ಲ. ಇಲ್ಲೇ ಪಕ್ಕದ ಸ್ವಾನ್ ವ್ಯಾಲಿ ದ್ರಾಕ್ಷಿತೋಟಗಳ ರಸ್ತೇಲಿ ಪೆಡಲ್ ತುಳೀತಾ ಹೇಳಿದ್ವಿ, ಅಷ್ಟೆ. ಕಾತ್ಯಾಯಿನಿ ಮುಂದೆ ಹೇಳ್ಕೊಡೋದು, ನಾವು ಹಿಂದೆ. ಹೋದ ವಾರ ಏರು ಹತ್ತುವಾಗ್ಲೂ ಒಬ್ಬರದೂ ನಾಮ ನಿಲ್ಲಲಿಲ್ಲ! ನೀವು ಕಣ್ಣಿಗೊತ್ಕೊಂಡು ತಿಂತಿದ್ದ ಪ್ರಸಾದದ ದ್ರಾಕ್ಷಿ ಅಲ್ಲಿನ ತೋಟದ್ದೇ.

ಹಾಲು ಉಗುರುಬೆಚ್ಚಗಿದ್ದಾಗ ಹೆಪ್ಪು ಹಾಕಿ, ಕುದೀತಿರೋದಕ್ಕಲ್ಲ. ಬಿಪಿ ಮಾತ್ರೆ ಮರೀಬೇಡಿ. ನನ್ನ ಯೋಚನೆ ಬೇಡ, ಬ್ರೇಕ್ ಹಿಡಿಯೋದು ಮೊದಲೇ ಕಲ್ತಿದ್ದೀನಿ.

ಗರಾಜಲ್ಲಿ ನಿಮ್ಮ ದುಬಾರಿ ಸೈಕಲ್ ಮೇಲೆ ಒಣಗಿರೋ ಟವೆಲ್‌ಗಳನ್ನ ಮಡಿಚಿಡಿ. ಹೆಲ್ಮೆಟ್ ಹುಡುಕಬೇಡಿ, ನನ್ನ ತಲೆ ಮೇಲಿದೆ. ತಂದಾಗಿನಿಂದ ಗೂಟಕ್ಕೆ ನೇತಾಡ್ತಿತ್ತು. ಪಾಪ, ಅದೂ ಒಂದ್ಸಲ ರಸ್ತೆ ನೋಡ್ಲಿ.

ವಿಮಲಾ