ಎದುರುಬದುರು ಕಿಟಕಿ

ಅಪ್ಪಾ,

ಇವತ್ತು ಅಡುಗೆಮನೆ ಕಿಟಕಿಯ ಪರದೆಗೆ ಮುಕ್ತಿ ಕೊಟ್ಟೆ. ಈ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಹೆಸರಾದ ಆರ್ಕಿಟೆಕ್ಟ್ ಆದರೂ ನೀನು ನಕ್ಷೆ ಬರೆದದ್ದು ಹಳೆಯ ಲಕೋಟೆಗಳ ಬೆನ್ನ ಮೇಲೆ. ಕೆಡವಿದ ಮನೆಗಳ ಬಾಗಿಲು ತಂದು, ಕೂಲಿಯವರ ಕೈಗೂ ಎಟುಕುವ ಈ ಸಾಲುಮನೆಗಳನ್ನು ಕಟ್ಟಿ, ಒಂದರಲ್ಲಿ ನನ್ನನ್ನೂ ಇರಿಸಿದೆ. ಎರಡೆರಡು ಮನೆಗಳ ಅಡುಗೆಮನೆ ಕಿಟಕಿಗಳು ಎದುರುಬದುರು.

"ಎದುರುಮನೆಯವರು ನಮ್ಮ ಪಾತ್ರೆ ಎಣಿಸ್ತಾರೆ, ಮುಚ್ಚಿಸಪ್ಪಾ" ಎಂದು ನಾನು ಹಟ ಹಿಡಿದಾಗ ನೀನು ಮಿಕ್ಕ ಇಟ್ಟಿಗೆಗಳನ್ನು ಮೂಲೆಯಲ್ಲಿ ಜೋಡಿಸಿಟ್ಟೆ. "ಮಗು ಹುಟ್ಲಿ. ಆಮೇಲೂ ಕಿಟಕಿ ಬೇಡ ಅನ್ಸಿದ್ರೆ ನಾನೇ ಬಂದು ಮುಚ್ತೀನಿ."

ಮಗಳು ಹುಟ್ಟುವ ಹೊತ್ತಿಗೆ ನೀನೇ ಇರಲಿಲ್ಲ. ನಾನು ದಪ್ಪ ಪರದೆ ಕಟ್ಟಿಬಿಟ್ಟೆ.

ಇಂದು ಬೆಳಿಗ್ಗೆ ಅವಳ ಗಂಟಲಲ್ಲಿ ಸೇಬಿನ ಚೂರು ಸಿಕ್ಕಿಕೊಂಡಿತು. ನಿದ್ದೆಗೆಟ್ಟ ನಾನು ಕಲ್ಲಿನಂತೆ ನಿಂತೆ. ಪರದೆಯನ್ನು ಒಗೆಯಲು ಹಾಕಿದ್ದೇ ಪುಣ್ಯ. ಎದುರುಮನೆಯ ಟೈಲರಕ್ಕ ಕಿಟಕಿಯಿಂದ ಕಂಡವಳೇ ಓಡಿಬಂದು, ಮಗುವನ್ನು ತೋಳ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದಳು. ಚೂರು ಹೊರಬಿತ್ತು. ಮಗಳು ಸೂರು ಹಾರಿಹೋಗುವಂತೆ ಅತ್ತಳು.

"ಅಳ್ಲಿ ಬಿಡು ತಾಯಿ, ಅತ್ರೆ ಒಳ್ಳೇದು" ಎಂದ ಅಕ್ಕ, ಹೊರಡುವಾಗ ತಿರುಗಿ ನೋಡಿದಳು. ನನ್ನ ಹಳೆಯ ದೂರು ಅವಳ ಕಿವಿಗೂ ಬಿದ್ದಿತ್ತೇನೋ. "ಅಂದಹಾಗೆ, ನಿನ್ನ ಪಾತ್ರೆನೂ ಎಣಿಸ್ದೆ. ಒಂದು ಲೋಟ ಕಮ್ಮಿ ಇದೆ!"

ಮಗಳಿಗೆ ಅಂಗಿ ಹೊಲಿಯಲು ಪರದೆಯನ್ನು ಅವಳಿಗೇ ಕೊಟ್ಟೆ. ಇಟ್ಟಿಗೆಗಳನ್ನು ಕಿಟಕಿಯ ಕೆಳಗೆ ಮೆಟ್ಟಿಲಾಗಿ ಜೋಡಿಸಿದ್ದೇನೆ. ನಿಲ್ಲುವಷ್ಟಾದಾಗ ಮಗಳು ಅದನ್ನು ಹತ್ತಿ ಎದುರುಮನೆಗೆ ಕೈ ಬೀಸಲಿ. ನಿನ್ನ ಇಟ್ಟಿಗೆ ಒಂದನ್ನೂ ಹಾಳುಮಾಡಿಲ್ಲ.

ಮುಚ್ಚಲು ನೀನು ಬರಬೇಕಾಗಿಲ್ಲ, ಅಪ್ಪಾ.