ಎಂಜಿನ್ ನಿಲ್ಲಿಸಿದ ದೋಣಿ

ಹೊಲಿಗೆ ಅಂಗಡಿಯ ಮಹಡಿ,
ಸೋಮವಾರ, ಮೇ ೧೧

ಮುದ್ದು ಗುಬ್ಬಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಅಥವಾ ನಿಂತಲ್ಲೇ ಎರಡು ತುತ್ತು ನುಂಗಿ ಊಟವಾಯಿತು ಅನ್ನುತ್ತೀಯೋ? ಆ ಒಣಕೆಮ್ಮು ಹೋಯಿತೇ? ಉತ್ತರ ಬರೆಯಬೇಕೆಂದೇನಿಲ್ಲ, ಕೇಳದಿದ್ದರೆ ನನಗೆ ಸಮಾಧಾನವಿಲ್ಲ, ಅದಕ್ಕೆ ಕೇಳಿದೆ. ವಿಚ್ಛೇದನದ ಓಡಾಟವೆಲ್ಲ ಮುಗಿಸಿ ಒಬ್ಬಳೇ ಆ ಊರಿಗೆ ಹೊರಟಾಗ ನೀನು ಹೇಳಿದ ಮಾತು ನನಗೆ ಬಾಯಿಪಾಠವಾಗಿಬಿಟ್ಟಿದೆ: "ಅಮ್ಮಾ, ಸ್ವಲ್ಪ ದಿನ ಯಾರೂ ಬರ್ಬೇಡಿ, ಫೋನೂ ಮಾಡ್ಬೇಡಿ." ಪತ್ರದ ಮಾತು ನೀನು ಎತ್ತಲಿಲ್ಲವಲ್ಲ, ಹಾಗಾಗಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಬೈದುಕೊಳ್ಳಬೇಡ, ಬರುವ ಶುಕ್ರವಾರದ ಬಸ್ಸಿಗೆ ಟಿಕೆಟನ್ನೂ ತೆಗೆಸಿದ್ದೆ. ಚೀಲ ತುಂಬಿಸಿ ಬಾಗಿಲ ಹಿಂದೆ ಇಟ್ಟಿದ್ದೆ. ಮಗಳು ಅಲ್ಲಿ ಒಬ್ಬಳೇ ಗೋಡೆ ನೋಡುತ್ತಾ ಕೂತಿದ್ದರೆ ತಾಯಿಯಾದವಳು ಇಲ್ಲಿ ಎಷ್ಟು ದಿನವೆಂದು ಕೈಕಟ್ಟಿ ಕೂರಬೇಕು ಹೇಳು. ನನ್ನ ಅವಸ್ಥೆ ನೋಡಲಾರದೆ ನಿನ್ನ ಚಿಕ್ಕಮ್ಮ, "ಅಕ್ಕಾ, ಆ ಚೀಲಾನೇ ನೋಡ್ತಾ ಕೂತ್ರೆ ನಿಂಗೆ ಹುಚ್ಚು ಹಿಡಿಯುತ್ತೆ, ನಡಿ, ತಿಮಿಂಗಿಲ ನೋಡ್ಕೊಂಡು ಬರೋಣ" ಎಂದು ನಿನ್ನೆ ಎಳೆದುಕೊಂಡು ಹೋದಳು.

ದೋಣಿ ಗೊತ್ತುಮಾಡುವುದೇ ಒಂದು ದೊಡ್ಡ ನಾಟಕವಾಯಿತು. ಮೊದಲನೆಯವನು ಬಿಳಿ ಟೋಪಿ ಹಾಕಿಕೊಂಡು, ಮದುಮಗನ ಹಾಗೆ ನಗುತ್ತಾ ನಿಂತಿದ್ದ. "ಮುಟ್ಟೋಷ್ಟು ಹತ್ರ ಕರ್ಕೊಂಡು ಹೋಗ್ತೀನಿ, ಕಾಣಿಸ್ದಿದ್ರೆ ದುಡ್ಡು ವಾಪಸ್" ಅಂದ. ಚಿಕ್ಕಮ್ಮ ಆಗಲೇ ಪರ್ಸಿಗೆ ಕೈಹಾಕಿದ್ದಳು. ಅದು ಓಡಿಹೋದರೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. "ನಮ್ಮ ದೋಣಿ ಅದಕ್ಕಿಂತ ಜೋರು" ಎಂದು ಎದೆಯುಬ್ಬಿಸಿದ. ಯಾಕೋ ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಬಂದರಿನ ಕಟ್ಟೆಯ ಕೊನೆಯಲ್ಲಿ ಇನ್ನೊಂದು ದೋಣಿ, ಅದರ ಒಡತಿ ಮಂಡಿಯೂರಿ ನೆಲ ತಿಕ್ಕುತ್ತಿದ್ದಳು. ತಲೆ ಎತ್ತದೆಯೇ, "ಒಂದು ಫುಟ್‌ಬಾಲ್ ಮೈದಾನದಷ್ಟು ದೂರ ನಿಲ್ತೀವಿ. ಮರಿ ಇದ್ರೆ ಇನ್ನೂ ದೂರ. ಕಾಣಿಸ್ಬಹುದು, ಕಾಣಿಸ್ದೇನೂ ಇರ್ಬಹುದು, ಅದರ ಇಷ್ಟ" ಅಂದಳು. ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಇದು ವ್ಯಾಪಾರ ಮಾಡೋ ಮುಖಾನೇ ಅಲ್ಲ" ಎಂದಳು. ನಾನು ಮಾತ್ರ ಅವಳ ದೋಣಿಯನ್ನೇ ಹತ್ತಿದೆ. ಹೊಲಿಗೆಯ ಒಳಗೆ ಬಟ್ಟೆಯೇ ಬಿಟ್ಟಿರದ ಕೋಟು ತಂದು ಸಡಿಲ ಮಾಡಿಕೊಡಿ ಎನ್ನುವವರಿಗೆ ನಾನೂ ಆಗಲ್ಲ ಎಂದೇ ಹೇಳುವುದಲ್ಲವೇ? ಎಲ್ಲಕ್ಕೂ ಆಗುತ್ತೆ ಆಗುತ್ತೆ ಎನ್ನುವ ದರ್ಜಿ ಕೊನೆಗೆ ಬಟ್ಟೆಯನ್ನೇ ಹಾಳು ಮಾಡುತ್ತಾನೆ.

ಸಮುದ್ರ ಆಗಷ್ಟೇ ಇಸ್ತ್ರಿ ಮಾಡಿ ಹಾಸಿದ ಹಾಗಿತ್ತು. ದೂರ ಹೋದಂತೆ ಮಂಜು ಕವಿದು, ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದಾಯಿತು. ಚಿಕ್ಕಮ್ಮ ಮೆಲ್ಲಗೆ ಚೀಲದಿಂದ ಬನ್ನು ತೆಗೆದಳು, ತನಗೆಂದುಕೊಂಡೆ. ತಿಮಿಂಗಿಲಕ್ಕಂತೆ! ಪಾಪ, ದೂರದಿಂದ ಬಂದಿರುತ್ತೆ, ಹಸಿದಿರುತ್ತೆ ಎಂದು ಒಂದು ಡಜನ್ ಕಟ್ಟಿಸಿಕೊಂಡು ಬಂದಿದ್ದಾಳೆ. ದೋಣಿಯಾಕೆ ನಗದೆ, "ಅವಕ್ಕೆ ನಾವೇನೂ ಹಾಕ್ಬಾರ್ದಮ್ಮ, ಅವಕ್ಕೆ ಬೇಕಾದ್ದು ಅವಕ್ಕೇ ಗೊತ್ತು" ಎಂದು ಪೊಟ್ಟಣವನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟಳು. ಅಷ್ಟರಲ್ಲಿ ದೂರದಲ್ಲಿ ನೀರಿನ ಹೊಗೆಯಂಥದ್ದು ಎದ್ದಿತು, ಪಕ್ಕದಲ್ಲೇ ಇನ್ನೊಂದು, ಚಿಕ್ಕದು. ತಾಯಿ, ಮರಿ. ದೋಣಿಯಾಕೆ ತಕ್ಷಣ ಎಂಜಿನ್ ನಿಲ್ಲಿಸಿದಳು. ಆದರೆ ಬಿಳಿ ಟೋಪಿಯವನ ದೋಣಿ ಎಲ್ಲಿತ್ತೋ, ಗುಡುಗುಟ್ಟುತ್ತಾ ನೇರ ಅವುಗಳ ದಾರಿಗೇ ನುಗ್ಗಿತು. ಎರಡೂ ಮುಳುಗಿಹೋದವು. ಹೋಗಿ, ಹೋಗಿ, ನೀವೂ ಹತ್ತಿರ ಹೋಗಿ ಎಂದು ನಾನೇ ಕೂಗಿಬಿಟ್ಟೆ ಕಣೇ. ಆಕೆ ಕೀಲಿಯ ಮೇಲೆ ಕೈ ಕೂಡ ಇಡಲಿಲ್ಲ. "ಅಟ್ಟಿಸ್ಕೊಂಡು ಹೋದ್ರೆ ಪೂರ್ತಿ ಉಸಿರು ತಗೊಳ್ಳೋ ಮುಂಚೆನೇ ಮುಳುಗಿಬಿಡ್ತವೆ. ಸುಸ್ತಾಗಿರೋವಾಗ ಅದಕ್ಕಿಂತ ಹಿಂಸೆ ಇಲ್ಲ" ಅಂದಳು. ನನಗೆ ಬಾಗಿಲ ಹಿಂದಿನ ಚೀಲ ನೆನಪಾಯಿತು.

ಬಿಳಿ ಟೋಪಿಯವನು ಅಲ್ಲಿ ಇಲ್ಲಿ ಹುಡುಕಾಡಿ ಹೊರಟುಹೋದ. ನಾವು ಹಾಗೆಯೇ ತೇಲುತ್ತಾ ಉಳಿದೆವು. ನೀರು ದೋಣಿಯ ಹೊಟ್ಟೆಯನ್ನು ಮೆಲ್ಲಗೆ ತಟ್ಟುತ್ತಿತ್ತು, ನೀನು ಕೂಸಾಗಿದ್ದಾಗ ನಾನು ನಿನ್ನ ಬೆನ್ನು ತಟ್ಟುತ್ತಿದ್ದ ಹಾಗೆ. ನನಗೆ ಜೊಂಪು ಹತ್ತಿತ್ತೋ ಏನೋ. ಮಂಜಿನೊಳಗಿಂದ ಎಲ್ಲಿಂದಲೋ ಉಸ್ಸ್ ಎಂದು ಒಂದು ನಿಟ್ಟುಸಿರು ಬಂತು. ಅದರ ಹಿಂದೆಯೇ ಪುಟ್ಟದೊಂದು. ಚಿಕ್ಕಮ್ಮ, "ನಮ್ಮೆಜಮಾನ್ರ ಗೊರಕೆ ಇದ್ದಂಗಿದೆ" ಎಂದು ಪಿಸುಗುಟ್ಟಿದಳು. ನಗುತ್ತಾ ನಗುತ್ತಾ ನಾನು ಅತ್ತುಬಿಟ್ಟೆ. ಕಣ್ಣಿಗೆ ಏನೂ ಕಾಣಿಸಲಿಲ್ಲ, ಅಷ್ಟರಲ್ಲಿ ಮಂಜು ಅಷ್ಟು ದಟ್ಟವಾಗಿಬಿಟ್ಟಿತ್ತು. ಆದರೂ ಅಲ್ಲಿವೆ, ನೆಮ್ಮದಿಯಾಗಿ ಉಸಿರಾಡುತ್ತಿವೆ ಎಂದು ಗೊತ್ತಾಯಿತಲ್ಲ, ಅಷ್ಟಕ್ಕೇ ಮನಸ್ಸು ತುಂಬಿತು. ಉಸಿರು ದೂರ ದೂರವಾಗಿ ಕೇಳದಾದ ಮೇಲೂ ಬಹಳ ಹೊತ್ತು ಕೂತಿದ್ದೆವು. ವಾಪಸ್ ಬರುವಾಗ ಬನ್ನುಗಳನ್ನು ನಾವೇ ತಿಂದು ಮುಗಿಸಿದೆವು.

ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಕಿಟಕಿ ಸ್ವಲ್ಪ ತೆರೆದಿಟ್ಟು ಮಲಗು, ಗಾಳಿಯಾಡಲಿ. ದೇವರು ನಿನಗೆ ಮೊದಲು ಒಳ್ಳೆಯ ನಿದ್ದೆ ಕೊಡಲಿ, ಉಳಿದದ್ದು ಆಮೇಲೆ ನಿಧಾನಕ್ಕೆ ಕೊಡಲಿ.

ಇಂತು ನಿನ್ನ,
ಸೂಜಿ ಅಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬಸ್ಸಿನ ಟಿಕೆಟ್ ಬೆಳಿಗ್ಗೆಯೇ ರದ್ದು ಮಾಡಿಸಿದೆ. ಚೀಲ ಬಿಚ್ಚಿ, ನಿನಗೆಂದು ತುಂಬಿಸಿದ್ದ ಜಾಮ್ ಬಾಟಲಿಗಳನ್ನು ಮತ್ತೆ ಶೆಲ್ಫಿಗೆ ಏರಿಸಿದೆ, ಅವೇನೂ ಕೆಡುವುದಿಲ್ಲ. ನಿನಗೆ ಮನಸ್ಸಾದಾಗ ಒಂದೇ ಒಂದು ಮಿಸ್ಡ್ ಕಾಲ್ ಕೊಡು, ಸಾಕು. ಆಣೆ ಮಾಡಿ ಹೇಳುತ್ತೇನೆ, ನಾನು ಎತ್ತುವುದಿಲ್ಲ.