ಮಂತ್ರಿಯ ಮೇಕಪ್ಪು ಕಳಚಿದ ದಿನ

೧೪ನೇ ತಾರೀಖು, ಶುಕ್ರವಾರ, ಬೆಳಗ್ಗೆ

ಪರದೆಯ ಮರೆಯಲ್ಲಿ ನಿಂತು ನನ್ನಂಥ ಮಹಾರಾಜರನ್ನೆಲ್ಲ ಪಿಸುಮಾತಿನಲ್ಲೇ ಆಳಿದ ನನ್ನ ಪ್ರಾಂಪ್ಟರನಿಗೆ,

ನಮಸ್ಕಾರ, ಅಪ್ಪುಗೆ, ಬೆನ್ನ ಮೇಲೊಂದು ಪ್ರೀತಿಯ ಗುದ್ದು!

ನೀನು ಕಾಗದದ ಮೇಲೆ ಕಾಗದ ಬರೆದೆ, ನಾನು ಕಲ್ಲಿನ ಹಾಗೆ ಕೂತೆ. ಫೋನ್ ಮಾಡಿದಾಗಲೆಲ್ಲ ನಿನ್ನ ಅತ್ತಿಗೆಯೇ ಎತ್ತಿಕೊಂಡು, "ಅವರು ಸ್ನಾನಕ್ಕೆ ಹೋಗಿದಾರೆ" ಎಂದಳು. ಕೊನೆಗೆ ನೀನು, "ಅವನೇನು ಮನುಷ್ಯನೋ ಎಮ್ಮೆಯೋ, ಮೂರು ಹೊತ್ತೂ ನೀರಲ್ಲೇ ಬಿದ್ದಿರೋಕೆ?" ಎಂದು ಕೇಳಿದೆಯಂತೆ. ಅವಳು ಫೋನಿಟ್ಟು ಮನಸಾರೆ ನಕ್ಕಳು. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಅದಕ್ಕೇ ಎಮ್ಮೆ ಎಂದದ್ದನ್ನು ಕ್ಷಮಿಸಿದ್ದೇನೆ, ನೀನೂ ನನ್ನ ಮೌನವನ್ನು ಕ್ಷಮಿಸಿಬಿಡು. ಗಂಟಲು ಕೆಟ್ಟಿದೆ ಮಾರಾಯ. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ಬಾಯೊಳಗೆ ಸಮುದ್ರವೇ ಆಗಿದೆ. ಅದು ಹಾಗಿರಲಿ.

ಇಂದು ಲೇಖನಿ ಹಿಡಿದದ್ದು ನಾನು ಕಣ್ಣಾರೆ ಕಂಡ ಒಂದು ವಿಸ್ಮಯವನ್ನು ನಿನಗೆ ಹೇಳಲು. ಸರಿಯಾಗಿ ಕೂತುಕೋ. ಪರದೆ ಏಳುತ್ತಿದೆ!

ನಮ್ಮ ಮಂತ್ರಿ ನಿನಗೆ ಗೊತ್ತಲ್ಲ? ಪ್ರಾಣಿಗಳ ಆಶ್ರಯಧಾಮದಿಂದ ಮರಿಯಾಗಿದ್ದಾಗ ತಂದ ಬಿಳಿ ನಾಯಿ. ಇಳಿಬಿದ್ದ ಕಿವಿ, ಗಡ್ಡದಂಥ ಕೂದಲು, ಎಲ್ಲ ಗೊತ್ತಿದ್ದೂ ಬಾಯಿ ಬಿಡದವನ ಗಾಂಭೀರ್ಯ. ನೋಡಿದ ಕ್ಷಣವೇ ನಾನು ಮಂತ್ರಿಪದವಿ ಕೊಟ್ಟುಬಿಟ್ಟೆ. ಅವನಂಥ ಪ್ರೇಕ್ಷಕ ನನಗೆ ಜೀವಮಾನದಲ್ಲಿ ಸಿಕ್ಕಿಲ್ಲ. ದಿನಾ ಸಂಜೆ ಹಜಾರದ ಹಲಗೆ ನೆಲದ ಮೇಲೆ ನಿಂತು ನಾನು ನಮ್ಮ ನಾಟಕದ ಹಳೆಯ ಮಾತುಗಳನ್ನು ಹೇಳುತ್ತೇನೆ. ಕೆಳಗಿನ ಅಂಗಡಿಯ ಟೈಲರು ಕೋಲಿನಿಂದ ಚಾವಣಿ ಕುಟ್ಟುತ್ತಾನೆ. ಮೊಮ್ಮಗಳು ಪುಟ್ಟಿ ಕಿವಿಗೆ ದಿಂಬು ಒತ್ತಿಕೊಳ್ಳುತ್ತಾಳೆ. ಮಂತ್ರಿ ಮಾತ್ರ ಎದುರಿಗೆ ಕೂತು ರೆಪ್ಪೆ ಬಡಿಯದೆ ನೋಡುತ್ತಾನೆ. ನಾನು ಕಾಲು ಅಪ್ಪಳಿಸಿ, ಬಲಗೈ ಮೇಲೆತ್ತಿ, "ಎಲೈ ಸಾಮಂತರೇ! ಈ ಕಿರೀಟ ಬಿದ್ದೀತು, ಈ ಕುತ್ತಿಗೆ ಬಾಗದು!" ಎಂದು ಮುಗಿಸಿ ಕುರ್ಚಿಯಲ್ಲಿ ಕುಸಿದರೆ ಸಾಕು, ಎದ್ದು ಬಂದು ಮುಂಗಾಲನ್ನು ತೊಡೆಯ ಮೇಲಿಟ್ಟು ಗದ್ದವನ್ನು ನನ್ನ ಎದೆಗೆ ಊರುತ್ತಾನೆ. ನಾನು ಇನ್ನೂ ಗೊಣಗುತ್ತಿರುವಷ್ಟು ಹೊತ್ತೂ ಕಣ್ಣು ಮುಚ್ಚಿ ಹಾಗೇ ಇರುತ್ತಾನೆ. ಇದಕ್ಕಿಂತ ದೊಡ್ಡ ಚಪ್ಪಾಳೆ ಉಂಟೇ?

ನಿನ್ನ ಅತ್ತಿಗೆಗೆ ಮಾತ್ರ ಅವನ ಮೇಲೆ ದೂರು. "ನಾನು ಅಡುಗೆಮನೆಯಿಂದ ಗಂಟಲು ಹರ್ಕೊಂಡ್ರೂ ಬರಲ್ಲ. ನೀವು ಒಂದು ಸಲ ಕರೆದ್ರೆ ಓಡಿ ಬರ್ತಾನೆ. ನಿಮ್ಮ ಸೊಕ್ಕೇ ಅವನಿಗೂ ಬಂದಿದೆ" ಎನ್ನುತ್ತಿದ್ದಳು. ನಾನು ಮೀಸೆ ತಿರುವುತ್ತಿದ್ದೆ. ಧ್ವನಿ ಎಂದರೆ ಧ್ವನಿ!

ಹೋದ ವಾರ ಅನಾಹುತವಾಯಿತು. ಮಂತ್ರಿ ಕಿಟಕಿಯ ಕೆಳಗೆ ಮಲಗಿದ್ದ. ಪುಟ್ಟಿ ಅವನಿಗೆ ಚಳಿಯಾದೀತೆಂದು ತನ್ನ ಶಾಲು ತಂದಳು. ಎಚ್ಚರವಾದೀತೆಂದು ಬೆಕ್ಕಿನ ಹೆಜ್ಜೆಯಲ್ಲಿ, ಉಸಿರು ಬಿಗಿಹಿಡಿದು, ಹಿಂದಿನಿಂದ ಬಂದು ಹೊದಿಸಿದಳು. ಅಷ್ಟೇ! ಮಂತ್ರಿ ಹೌಹಾರಿ ತಿರುಗಿ ಅವಳ ಅಂಗೈಗೆ ಬಾಯಿ ಹಾಕಿದ. ರಕ್ತ, ಅಳು, ಆಸ್ಪತ್ರೆ, ಸೂಜಿ. ಮಗು ಅಳುತ್ತಲೇ, "ಅವನು ಬೇಕಂತ ಮಾಡಿಲ್ಲ ತಾತ" ಎಂದಿತು. ನನ್ನ ಮಗಳು ಕೇಳಬೇಕಲ್ಲ!

"ಅಪ್ಪ, ಇವತ್ತು ಕೈ, ನಾಳೆ ಮುಖ. ಪಕ್ಕದ ಮನೆಯವ್ರಿಗೂ ಹಿಂದೊಮ್ಮೆ ಗುರ್ ಅಂದಿದಾನೆ. ಇನ್ನು ಈ ಮನೇಲಿ ಅವನಿರೋದು ಬೇಡ."

ಆಶ್ರಯಧಾಮಕ್ಕೆ ಫೋನ್ ಮಾಡಿ ವಾಪಸು ಕೊಡುವುದೆಂದು ನಿಶ್ಚಯಿಸಿಯೂ ಬಿಟ್ಟಳು. ಅವಳದು ತಪ್ಪೆನ್ನಲಾರೆ, ತಾಯಿ. ಅಲ್ಲಿಯವರು, "ಕೂದಲು ಗಂಟುಗಟ್ಟಿ ಆ ಸ್ಥಿತೀಲಿದ್ರೆ ಯಾರೂ ಮನೆಗೆ ಕರ್ಕೊಂಡು ಹೋಗಲ್ಲ. ಬಾಚಿಸಿ, ಕತ್ತರಿಸಿ, ಗ್ರೂಮಿಂಗ್ ಮಾಡಿಸಿ ತನ್ನಿ" ಎಂದರಂತೆ. ಹಾಗಾಗಿ ಶನಿವಾರ ಮಧ್ಯಾಹ್ನ ನಾವು ಹೊರಟೆವು: ಮಗಳು, ನಾನು, ಬಾಯಿಗೆ ಬಟ್ಟೆಯ ಕುಕ್ಕೆ ಕಟ್ಟಿಸಿಕೊಂಡ ಮಂತ್ರಿ, ಮತ್ತು ಅವನ ತಟ್ಟೆ, ಕಂಬಳಿ ತುಂಬಿದ ಒಂದು ಚೀಲ. ಗ್ರೂಮಿಂಗ್ ಅಂಗಡಿಯಿಂದ ನೇರ ಆಶ್ರಯಧಾಮಕ್ಕೆ. ವಧಾಸ್ಥಾನಕ್ಕೆ ಮುಂಚೆ ಅಲಂಕಾರ! ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡಿದೆ. ಮಂತ್ರಿ ನನ್ನನ್ನು ನೋಡಿದ.

ಔಷಧಿ ಅಂಗಡಿಯ ಪಕ್ಕ ಗಾಜಿನ ಬಾಗಿಲು. ಒಳಗೆ ಕಾಲಿಟ್ಟರೆ, ಅಯ್ಯಾ, ನಮ್ಮ ಮೇಕಪ್ ಕೋಣೆಯೇ! ಗೋಡೆಗೆ ಉದ್ದ ಕನ್ನಡಿ, ಕಣ್ಣು ಕುಕ್ಕುವ ದೀಪ, ಸಾಲಾಗಿ ಬಾಚಣಿಗೆ, ಕತ್ತರಿ, ಬ್ರಷ್ಷು. ಪೌಡರು, ಒದ್ದೆ ಟವೆಲು, ಹೆದರಿಕೆ ಮೂರೂ ಬೆರೆತ ಅದೇ ವಾಸನೆ. ನಡುವೆ ರಬ್ಬರು ಹಾಸಿದ ಮೇಜು. ಅದರ ಹಿಂದೆ ತುರುಬಿಗೆ ಬಾಚಣಿಗೆ ಸಿಕ್ಕಿಸಿಕೊಂಡ ಅಂಗಡಿಯಾಕೆ. ಕುಸ್ತಿಯವರ ತೋಳು, ಏಪ್ರನ್ ತುಂಬ ಯಾರ್ಯಾರದೋ ಕೂದಲು.

"ಯಾರ್ರೀ ಇವನಿಗೆ ಸ್ನಾನ ಮಾಡ್ಸೋದು?" ಮಂತ್ರಿಯ ಕಿವಿಯ ಹಿಂದೆ ಬೆರಳು ತೂರಿಸುತ್ತಲೇ ಕೇಳಿದಳು.

"ನಾನೇ! ವಾರ ತಪ್ಪದೆ! ಸ್ವಹಸ್ತದಿಂದ!" ಎಂದೆ ಎದೆಯುಬ್ಬಿಸಿ.

"ಬಾಚದೆ?"

ನಾನು ಮಗಳ ಮುಖ ನೋಡಿದೆ. ಮಗಳು ಚಾವಣಿ ನೋಡಿದಳು.

"ಗಂಟು ಬಿಡಿಸದೆ ನೀರು ಹಾಕಿದ್ರೆ ಗಂಟು ಇನ್ನೂ ಬಿಗಿಯುತ್ತೆ ಯಜಮಾನ್ರೇ. ಒಣಗಿ ಒಣಗಿ ಕಂಬಳಿ ಆಗಿದೆ ನೋಡಿ, ಚರ್ಮಕ್ಕೇ ಹೊಲಿದ ಹಾಗೆ. ಇವನು ಒಂದೊಂದು ಹೆಜ್ಜೆ ಇಟ್ಟಾಗ್ಲೂ ಯಾರೋ ಜುಟ್ಟು ಹಿಡಿದು ಎಳೆದಂಗೆ ಆಗಿರುತ್ತೆ."

ನಾನು ದೊಡ್ಡ ಧ್ವನಿಯಲ್ಲಿ ಏನೋ ಸಮಜಾಯಿಷಿ ಶುರು ಮಾಡಿದೆ. ಆಕೆ ಬೆರಳನ್ನು ತುಟಿಗಿಟ್ಟಳು. "ನಿಮ್ಮ ಡೈಲಾಗು ಆಮೇಲೆ. ಇಲ್ಲಿ ಬೇರೆಯವ್ರ ಮಕ್ಕಳೂ ಇದಾವೆ." ಪಕ್ಕದ ಮೇಜಿನಲ್ಲಿ ಒಂದು ಪುಟ್ಟ ಕಂದು ನಾಯಿ ಗಡಗಡ ನಡುಗುತ್ತಿತ್ತು. ಸಾವಿರ ಜನರ ಬಾಯಿ ಮುಚ್ಚಿಸಿದ ನಾನು ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತೆ.

ಆಮೇಲೆ ಕಂಡದ್ದನ್ನು ಹೇಗೆ ವರ್ಣಿಸಲಿ? ಆಕೆ ಮೊದಲು ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು. ಮೂಸಲಿ ಎಂದು ಕಾದಳು. ಕತ್ತರಿಯನ್ನೂ ಮೂಸಿಸಿದಳು. ಅವನ ಮೈ ಸಡಿಲವಾದ ಮೇಲೆ ಬಟ್ಟೆಯ ಕುಕ್ಕೆಯನ್ನೇ ಬಿಚ್ಚಿ ಪಕ್ಕಕ್ಕಿಟ್ಟಳು. ಮಗಳು ಬಾಗಿಲ ಕಡೆಗೆ ಸರಿದಳು. ಅಂಗಡಿಯಾಕೆ ಗಂಟಿನ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ಎಳೆತ ಚರ್ಮಕ್ಕೆ ತಾಗದ ಹಾಗೆ ತುದಿಯಿಂದ ಒಳಕ್ಕೆ ಬಿಡಿಸುತ್ತ ಬಂದಳು. ಬಿಡದ ಕಡೆ ಕತ್ತರಿ ಮಾತಾಡಿತು. ಆಕೆಯೂ ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ. ಆದರೆ ಮೈಯಿಂದ ಕೈಗೆ, ಕೈಯಿಂದ ಮೈಗೆ ಏನೋ ಒಂದು ಸಂಭಾಷಣೆ ನಡೆಯುತ್ತಲೇ ಇತ್ತು. ಅವನು ಒಂದು ಕೂದಲೆಳೆಯಷ್ಟು ಬಿಗಿದರೆ ಆಕೆಯ ಬೆರಳು ನಿಲ್ಲುತ್ತಿತ್ತು. ಅವನು ಉಸಿರು ಬಿಟ್ಟರೆ ಮುಂದುವರಿಯುತ್ತಿತ್ತು. ಇಂಥ ಜುಗಲ್‌ಬಂದಿಯನ್ನು ನಾನು ಯಾವ ರಂಗದ ಮೇಲೂ ನೋಡಿಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ ಕೆಂಪಾಗಿ ಬೆಂದಿದ್ದ ಚರ್ಮ ಹೊರಬಂದಾಗ ನನ್ನ ಕಣ್ಣು ತುಂಬಿತು. ಮಂತ್ರಿ ಮಾತ್ರ ವರ್ಷಗಳ ಕವಚ ಕಳಚಿದವನ ಹಾಗೆ ಮೈ ಕೊಡವಿ ಒಂದು ಆಕಳಿಕೆ ತೆಗೆದ!

ಸ್ನಾನವಾಯಿತು. ಆಮೇಲೆ ಕೂದಲು ಒಣಗಿಸುವ ಯಂತ್ರ ಹಾಕಿದಳು. ಅದರ ಅಬ್ಬರವೋ, ಸಿಡಿಲು ಮಳಿಗೆಗೇ ಬಾಡಿಗೆಗೆ ಬಂದಂತಿತ್ತು! ಕಂದು ನಾಯಿ ಊಳಿಟ್ಟಿತು. ನಾನೇ ಕಿವಿ ಮುಚ್ಚಿದೆ. ಮಂತ್ರಿ ಗಾಳಿಗೆ ಮುಖವೊಡ್ಡಿ ಹಿತವಾಗಿ ಕಣ್ಣು ಮುಚ್ಚಿದ.

ಆಕೆ ಯಂತ್ರ ನಿಲ್ಲಿಸಿದಳು. ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಅವನ ಬೆನ್ನ ಹಿಂದೆ ಹೋಗಿ, ಬೇಕೆಂದೇ ಒಂದು ಸ್ಟೀಲಿನ ಬೋಗುಣಿಯನ್ನು ಕಿಟಕಿಯ ಕಲ್ಲುಚಪ್ಪಡಿಗೆ ಬಡಿದಳು. ಢಣಾರ್! ಮಗಳು ಚೀರಿದಳು. ಮಂತ್ರಿಯ ಕಿವಿ ಅಲುಗಲಿಲ್ಲ.

"ಯಜಮಾನ್ರೇ, ಈಗ ನಿಮ್ಮ ಡೈಲಾಗು ಬೇಕು. ಇವನ ಹಿಂದೆ ನಿಂತು ಕರೀರಿ. ಆದ್ರೆ ಕಾಲು ಕುಟ್ಟಬಾರದು, ಕೈ ಬೀಸಬಾರದು."

ಕೈಕಾಲು ಕಟ್ಟಿ ರಾಜನ ಪಾರ್ಟು! ಆದರೂ ನಿಂತೆ. ಹೊಟ್ಟೆಯಿಂದ ಉಸಿರೆಳೆದು, ಕೆಟ್ಟ ಗಂಟಲಲ್ಲಿ ಉಳಿದಿದ್ದಷ್ಟನ್ನೂ ಬಾಚಿ ತಂದು ಕೂಗಿದೆ: "ಎಲೈ ಮಂತ್ರೀ! ಕಿರೀಟ ಬಿದ್ದೀತು, ಕುತ್ತಿಗೆ ಬಾಗದು!" ಗಾಜಿನ ಬಾಗಿಲು ಝಲ್ಲೆಂದಿತು. ಔಷಧಿ ಅಂಗಡಿಯವನು ಓಡಿ ಬಂದು ಇಣುಕಿದ. ಕೊನೆಯ ಪದಕ್ಕೆ ಧ್ವನಿ ಒಡೆದು ಬರೀ ಗಾಳಿ ಬಂತು.

ಮಂತ್ರಿ ನಿಶ್ಚಿಂತೆಯಿಂದ ತನ್ನ ಮುಂಗಾಲು ನೆಕ್ಕಿಕೊಳ್ಳುತ್ತಿದ್ದ.

ಆಕೆ ಮೇಜಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ತಕ್ಷಣ ತಿರುಗಿದ. ನನ್ನನ್ನು ಕಂಡು ಬಾಲ ಬೀಸಿದ.

"ಇವನಿಗೆ ಕಿವಿ ಕೇಳ್ಸಲ್ಲ ಅಂತ ಕಾಣುತ್ತೆ," ಎಂದಳು ಮೆತ್ತಗೆ. "ನಾನು ಕೂದಲಿನವಳು, ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡ್ಕೊಳ್ಳಿ. ಆದ್ರೆ ಇವನು ಸಿಟ್ಟಿನವನಲ್ಲಮ್ಮ, ಬೆಚ್ಚುವವನು. ಮಲಗಿರೋವಾಗ ಸದ್ದಿಲ್ಲದೆ ಯಾರಾದ್ರೂ ಮುಟ್ಟಿದ್ರೆ ನೀವಾದ್ರೂ ಏನ್ಮಾಡ್ತೀರಿ? ಮೇಲಾಗಿ ಆ ಗಂಟುಗಳ ನೋವು ಬೇರೆ."

ಪ್ರಾಂಪ್ಟರ್ ಮಹಾಶಯ, ನನಗೆ ಮಾತು ಮರೆತುಹೋಯಿತು. ಪಕ್ಕಕ್ಕೆ ತಿರುಗಿ ನಿನ್ನನ್ನು ಹುಡುಕಿದೆ ಎಂದರೆ ನಂಬುತ್ತೀಯಾ? ನನ್ನ ಒಂದು ಮಾತನ್ನೂ ಅವನು ಕೇಳಿಯೇ ಇಲ್ಲ! ನಾನು ಕೈ ಚಾಚದೆ ಯಾರನ್ನೂ ಕರೆದವನಲ್ಲ, ಕಾಲು ಅಪ್ಪಳಿಸದೆ ಮಾತು ಮುಗಿಸಿದವನಲ್ಲ. ಹಲಗೆಯ ಅದುರನ್ನು ಅವನ ಪಾದ ಓದಿತು, ಕೈಯನ್ನು ಕಣ್ಣು ಓದಿತು. ನಿನ್ನ ಅತ್ತಿಗೆ ಹೂವಿನ ಹಾಗೆ ನಡೆಯುವವಳು, ಒಲೆಯ ಮುಂದೆ ನಿಂತೇ ಕರೆಯುವವಳು. ಅವಳು ಅವನಿಗೆ ಹೇಗೆ ತಿಳಿದಾಳು? ಎದೆಗೆ ಗದ್ದ ಊರುತ್ತಿದ್ದನೆಂದು ಹೇಳಿದಾಗ ಅಂಗಡಿಯಾಕೆ ನಕ್ಕು, "ಅಲ್ಲಿ ಗುಡುಗು ಸಿಕ್ಕುತ್ತಲ್ಲ ಯಜಮಾನ್ರೇ, ಅದಕ್ಕೆ" ಎಂದಳು. ನೋಡು, ಹುಟ್ಟುಗಿವುಡ ಜೀವವೊಂದು ನನ್ನ ಧ್ವನಿಯನ್ನು ಗದ್ದದಿಂದ ಕುಡಿಯುತ್ತಿತ್ತು! ಸ್ಟೂಲಿನ ಮೇಲೆ ಕೂತವನಿಗೆ ರೋಮವೆಲ್ಲ ನಿಮಿರಿತು. ಕನ್ನಡಿಯಲ್ಲಿ ಅವನು ಹೊಸ ಹಾಲಿನ ಬಿಳುಪಿನಲ್ಲಿ ಹೊಳೆಯುತ್ತಿದ್ದ. ಅದೇ ಕಣ್ಣು, ಅದೇ ದೃಷ್ಟಿ. ನನ್ನ ಮೇಲೆಯೇ.

ಮಗಳು ಮೇಜಿನ ಹತ್ತಿರ ಬಂದಳು. ಹೆದರುತ್ತಲೇ ಅಂಚನ್ನು ತಟ್ಟಿದಳು. ಮಂತ್ರಿ ತಿರುಗಿದ. ಅಂಗೈ ಚಾಚಿದಳು. ಮೂಸಿದ, ನೆಕ್ಕಿದ, ಇಡೀ ತಲೆಯನ್ನೇ ಅದರೊಳಗೆ ಇಟ್ಟ. ಆಮೇಲೆ ಚೀಲದಿಂದ ಅವನ ತಟ್ಟೆ ತೆಗೆದು ಕೇಳಿದಳು, "ಇಲ್ಲಿ ಸ್ವಲ್ಪ ಕುಡಿಯೋ ನೀರು ಸಿಗುತ್ತಾ? ಮನೆ ದೂರ. ಬಾಯಾರಿರುತ್ತೆ ಇವನಿಗೆ."

ಮನೆ ಎಂದಳು ಮಾರಾಯ!

ಪ್ರಾಣಿವೈದ್ಯರೂ ಹೌದೆಂದರು. ಕೆಲವು ಬಿಳಿ ಮರಿಗಳು ಹೀಗೇ ಹುಟ್ಟುತ್ತವಂತೆ. ಈಗ ನಮ್ಮಲ್ಲಿ ಹೊಸ ನಾಟಕದ ತಾಲೀಮು. ಮುಟ್ಟುವ ಮುನ್ನ ನೆಲ ತಟ್ಟಬೇಕು, ಎದುರಿನಿಂದಲೇ ಬರಬೇಕು, ಅವನು ಮಲಗಿದ್ದರೆ ಎಬ್ಬಿಸದೆ ಯಾರೂ ಮೈ ಮುಟ್ಟಬಾರದು. ಬಾ, ಕೂರು, ಸಾಕು, ಭಲೇ, ಎಲ್ಲಕ್ಕೂ ಒಂದೊಂದು ಹಸ್ತಮುದ್ರೆ. ನಿರ್ದೇಶನ ಪುಟ್ಟಿಯದು. "ತಾತ, ನಿಮ್ಮ 'ಬಾ' ತುಂಬಾ ಓವರ್ ಆಯ್ತು" ಎಂದು ತಿದ್ದುತ್ತಾಳೆ. ದಿನಾ ಬೆಳಗ್ಗೆ ನಾನು ಬಾಚುತ್ತೇನೆ, ಬುಡ ಹಿಡಿದು, ತುದಿಯಿಂದ. ಬಾಚದೆ ನೀರಿಲ್ಲ! ನಿನ್ನ ಅತ್ತಿಗೆ ಅಡುಗೆಮನೆಯಿಂದ ಲಟ್ಟಣಿಗೆಯಲ್ಲಿ ನೆಲ ಕುಟ್ಟುತ್ತಾಳೆ, ಅವನು ಬಾಣದ ಹಾಗೆ ಓಡುತ್ತಾನೆ. ಕೆಳಗಿನ ಟೈಲರು ಅಂಗಡಿ ಬದಲಿಸುವ ಯೋಚನೆಯಲ್ಲಿದ್ದಾನೆ.

ನಿನ್ನ ಮಕ್ಕಳು ಮೊಮ್ಮಕ್ಕಳಿಗೆಲ್ಲ ನನ್ನ ತುಂಬು ಹರಕೆ. ಅವರ ದೀಪ ಎಂದೂ ಮಂಕಾಗದಿರಲಿ, ಅವರ ಮಾತು ಯಾವ ಸಭೆಯಲ್ಲೂ ಮರೆತುಹೋಗದಿರಲಿ. ನಿನ್ನ ಮಂಡಿನೋವು ನನ್ನ ಶತ್ರುಗಳಿಗೆ ಹೋಗಲಿ.

ನಿನ್ನ ಪಿಸುಮಾತಿನ ಋಣದಲ್ಲಿರುವ
ಮಾಜಿ ಮಹಾರಾಜ

ಮರೆತ ಮಾತು: ಗಂಟಲಿನ ಕಾಯಿಲೆ ಉಪ್ಪುನೀರಿಗೆ ಬಗ್ಗುವಂಥದ್ದಲ್ಲವಂತೆ. ಸೋಮವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸುತ್ತಾರೆಂದು ಡಾಕ್ಟರು ಹೇಳಿದಾಗ ನಿನ್ನ ಅತ್ತಿಗೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟೆವು, ಪಾಪ ಅವರಿಗೇನು ಗೊತ್ತು ನಮ್ಮ ಡೈಲಾಗು! ಮಗಳಿಗೆ ಇವತ್ತು ಸಂಜೆ ಹೇಳುತ್ತೇವೆ. ಇಷ್ಟು ದಿನ ಫೋನಿಗೆ ಬಾರದಿದ್ದುದು ಇದಕ್ಕೇ. ನನ್ನ ಒಡೆದ ಧ್ವನಿಯನ್ನು ನೀನು ಕೇಳಬಾರದಿತ್ತು. ಇದನ್ನು ಬರೆಯುವಾಗ ಮಂತ್ರಿಯ ಗದ್ದ ನನ್ನ ಎದೆಯ ಮೇಲಿದೆ, ನಾನು ಸುಮ್ಮನೆ ಗುಂಯ್‌ಗುಡುತ್ತಿದ್ದೇನೆ. ಸೋಮವಾರದ ನಂತರ ಅಲ್ಲಿ ಗುಡುಗು ಸಿಗದಾಗ ಅವನು ತಲೆಯೆತ್ತಿ ನನ್ನನ್ನು ನೋಡುತ್ತಾನಲ್ಲ, ಆ ನೋಟವೊಂದೇ ನನ್ನ ಭಯ. ಆಗ ಬಲಗೈ ಎತ್ತುತ್ತೇನೆ. ಅದು ಅವನಿಗೆ ಅರ್ಥವಾಗುತ್ತದೆ. ಉಳಿದವರಿಗಾಗಿ ನೀನು ಬಾ. ಈ ಸಲ ಪರದೆಯ ಹಿಂದೆ ಬೇಡ, ನನ್ನ ಪಕ್ಕದಲ್ಲೇ ನಿಲ್ಲು. ನಾನು ತುಟಿ ಅಲುಗಿಸುತ್ತೇನೆ. ನೀನು ಗಟ್ಟಿಯಾಗಿ ಹೇಳು.